ಕುದಿಯುವ ಕಲ್ಲು, ಕೆಂಪು ವೈರು

ನಾನು ಪುಣೆಯ ಒಂದು ಇಂಜಿನಿಯರಿಂಗ್ ಕಾಲೇಜಿನ ಕೆಮಿಕಲ್ ಲ್ಯಾಬಿನಲ್ಲಿ ಟೆಕ್ನಿಷಿಯನ್. ಊರು ಜಮಖಂಡಿ ಕಡೆ, ಕಬ್ಬಿನ ಸೀಮೆ. ಚಿಕ್ಕವನಿದ್ದಾಗ ಸಕ್ಕರೆ ಕಾರ್ಖಾನೆ ಕಡೆಯಿಂದ ಕಾಕಂಬಿಯ ವಾಸನೆ ಬಂದರೆ ಮೂಗು ಮುಚ್ಚಿಕೊಂಡು ಓಡುತ್ತಿದ್ದೆವು. ಈಗ ಅದೇ ಕಾಕಂಬಿಯಿಂದ ಹುಟ್ಟಿದ ಎಥನಾಲನ್ನು ಸಿರಿಂಜಿಗೆ ತುಂಬುವುದು ನನ್ನ ಹೊಟ್ಟೆಪಾಡು.

ಈ ಏಪ್ರಿಲ್ ಕೊನೆಗೆ ಅಥಣಿ ಕಡೆಯ ಒಬ್ಬ ಎಂ.ಟೆಕ್ ಹುಡುಗಿ ಬಂದು ಮೂಲೆಯಲ್ಲಿದ್ದ ಹಳೆಯ ರಿಯಾಕ್ಟರಿನ ಮುಂದೆ ನಿಂತಳು. ಮೇಲೆ ಧೂಳು, ಒಳಗೆ ಜೇಡರ ಬಲೆ.

"ಅಣ್ಣಾರ, ಇದು ನಡೀತದೇನ್ರಿ?"

"ನಡಸೂಣು ಬಾ ತಂಗಿ" ಅಂದೆ. ಅಂದ ಮೇಲೆ ನಡೆಸಲೇಬೇಕಲ್ಲ.

ಅವಳ ಕೆಲಸ ಕೇಳೋಕೆ ಸರಳ. ಎಥನಾಲಿನ ಆವಿಯನ್ನು ಬಿಸಿ ಜಿಯೋಲೈಟಿನ (ಒಳಗೆಲ್ಲ ಸಣ್ಣ ಸಣ್ಣ ರಂಧ್ರ ಇರುವ ಒಂದು ಖನಿಜ) ಮೇಲೆ ಹಾಯಿಸಬೇಕು. 280 ಡಿಗ್ರಿ ಆಸುಪಾಸಿನಲ್ಲಿ ಅದು ನೀರು ಕಳೆದುಕೊಂಡು ಎಥಿಲೀನ್ ಅನಿಲ ಆಗಬೇಕು. ಅದು ಕೈಗೆ ಹತ್ತಿದ ಮೇಲೆ 350 ದಾಟಿಸಿ, ಅದೇ ಎಥಿಲೀನ್ ಕೂಡಿ ಬೆಳೆದು ಪೆಟ್ರೋಲಿನಂಥ ಎಣ್ಣೆ ಆಗುವುದನ್ನು ನೋಡಬೇಕು. ಮೊದಲು ಅನಿಲ, ಆಮೇಲೆ ಎಣ್ಣೆ. ಈ ಕ್ರಮ ನೆನಪಿಟ್ಟುಕೊಳ್ಳಿ, ಮುಂದೆ ಅದೇ ನಮ್ಮನ್ನು ಕಾಡಿದ್ದು.

ಕ್ಯಾಟಲಿಸ್ಟ್, ಅಂದರೆ ತಾನು ಖರ್ಚಾಗದೆ ಕ್ರಿಯೆ ನಡೆಸಿಕೊಡುವ ವಸ್ತು, ಝಡ್‌ಎಸ್‌ಎಂ-5 ಅನ್ನೋ ಜಿಯೋಲೈಟ್. ಮೊಬಿಲ್ ಕಂಪನಿಯವರು ಇದಕ್ಕೆ ಪೇಟೆಂಟ್ ಪಡೆದದ್ದು 1972ರಲ್ಲಿ. ಇದರ ಮೇಲೆ ಮೆಥನಾಲ್ ಹಾಯಿಸಿದರೆ ಪೆಟ್ರೋಲ್ ಬರುತ್ತದೆ ಅಂತ ಅವರಿಗೇ ಆಮೇಲೆ ಗೊತ್ತಾಯಿತು. 1985ರಲ್ಲಿ ನ್ಯೂಜಿಲೆಂಡಿನ ಮೊಟುನುಯಿಯಲ್ಲಿ ದೊಡ್ಡ ಕಾರ್ಖಾನೆಯೇ ನಿಂತಿತು. ಕಣ್ಣಿಗೆ ಮೈದಾಹಿಟ್ಟಿನ ಹಾಗೆ ಕಾಣುವ ಬಿಳಿ ಪುಡಿ. ಅದರ ಹರಳಿನೊಳಗೆ ಸುಮಾರು 0.55 ನ್ಯಾನೋಮೀಟರ್ ಅಗಲದ ಓಣಿಗಳಿವೆ. ಬೆಂಜೀನ್, ಟಾಲ್ವೀನ್, ಪ್ಯಾರಾ ಕ್ಸೈಲೀನಿನಷ್ಟು ಗಾತ್ರದ ಅಣುಗಳು ನುಸುಳಿ ಹೊರಗೆ ಬರುತ್ತವೆ. ಅದಕ್ಕಿಂತ ದಪ್ಪ ಆದವು ಬರಲಾರವು. ನಮ್ಮ ಹಳೇ ಪೇಟೆಗಳ ಸಂದಿಗಳ ಹಾಗೆ. ಸೈಕಲ್ ಹೋಗುತ್ತದೆ, ಟೆಂಪೋ ಹೋಗಲ್ಲ. ಅದಕ್ಕೇ ಇಲ್ಲಿ ಹುಟ್ಟುವ ಎಣ್ಣೆ ಡೀಸೆಲ್, ಡಾಂಬರಿನ ತನಕ ಬೆಳೆಯದೆ ಪೆಟ್ರೋಲಿನ ಅಳತೆಗೇ ನಿಲ್ಲುತ್ತದೆ.

ಜಿಯೋಲೈಟ್ ಅಂದರೆ ಗ್ರೀಕಿನಲ್ಲಿ ಕುದಿಯುವ ಕಲ್ಲು. 1756ರಲ್ಲಿ ಸ್ವೀಡನ್ನಿನ ಕ್ರೋನ್‌ಸ್ಟೆಡ್ ಒಂದು ಕಲ್ಲನ್ನು ಕಾಯಿಸಿದಾಗ ಅದರೊಳಗಿನ ನೀರು ಬುಸ್ಸೆಂದು ಹೊರಟಿತಂತೆ, ಅದಕ್ಕೆ ಆ ಹೆಸರು. ನೈಸರ್ಗಿಕ ಜಿಯೋಲೈಟಿಗೆ ಪುಣೆ ಸುತ್ತಲಿನ ಕಪ್ಪು ಬಂಡೆ ಜಗತ್ತಿನಲ್ಲೇ ಹೆಸರುವಾಸಿ. ವಾಘೋಲಿಯ ಕಲ್ಲುಗಣಿಗಳಲ್ಲಿ ಸ್ಟಿಲ್‌ಬೈಟ್ ಹರಳು ಸಿಗುತ್ತದೆ, ಅದರ ಜೊತೆಗೇ ಕ್ಯಾವನ್ಸೈಟ್ ಅನ್ನೋ ನೀಲಿ ಖನಿಜ. ನಮ್ಮ ಲ್ಯಾಬಿನ ಕಿಟಕಿಯಲ್ಲೂ ಒಂದು ಸ್ಟಿಲ್‌ಬೈಟ್ ತುಂಡಿದೆ, ಕಾಗದ ಹಾರದ ಹಾಗೆ ಇಡೋಕೆ. ಅದನ್ನೇ ಪುಡಿ ಮಾಡಿ ಹಾಕಬಾರದಾ ಅಂತ ಹುಡುಗಿ ಕೇಳಿದಳು. ಆಗಲ್ಲ. ಕಾಯಿಸಿ ನೀರು ಓಡಿಸಿದರೆ ಅದರ ಚೌಕಟ್ಟು ಕುಗ್ಗಿಬಿಡುತ್ತದೆ.

ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ ಇರೋದು ಇದೇ ಊರಿನ ಪಾಷಾಣ್‌ನಲ್ಲಿ, 1950ರಿಂದ. ಪಾಷಾಣ ಅಂದರೂ ಕಲ್ಲೇ. 1980ರ ದಶಕದಲ್ಲಿ ಅಲ್ಲಿಯವರು ಎನ್‌ಸಿಲೈಟ್ ಅನ್ನೋ ಜಿಯೋಲೈಟ್ ಮಾಡಿ, ಎಥನಾಲನ್ನು ನೇರವಾಗಿ ಬೆಂಜೀನಿಗೆ ಕೂಡಿಸುವ ದಾರಿ ತೆಗೆದಿದ್ದರು. ಹಾಗಾಗಿ ಈ ಊರಿನಲ್ಲಿ ಈ ಕೆಲಸ ಮಾಡುವಾಗ ಸ್ವಲ್ಪ ಮರ್ಯಾದೆ ಕಾಪಾಡಿಕೊಳ್ಳಬೇಕು ಅಂತ ನನಗೆ.

ಸರಿ, ಕೆಲಸಕ್ಕೆ ಬರೋಣ.

ಮೊದಲ ವಾರ ಬರೀ ಸ್ವಚ್ಛತೆ, ಲೀಕು. ರಿಯಾಕ್ಟರ್ ಅಂದರೆ ಅರ್ಧ ಇಂಚಿನ ಸ್ಟೇನ್‌ಲೆಸ್ ಸ್ಟೀಲ್ ಕೊಳವೆ, ಅದನ್ನು ಸುತ್ತುವರಿದ ಕರೆಂಟ್ ಫರ್ನೇಸ್, ಮೇಲೆ ನೈಟ್ರೋಜನ್ ಮತ್ತು ಎಥನಾಲ್ ಬರುವ ದಾರಿ, ಕೆಳಗೆ ಆವಿಯನ್ನು ತಣಿಸಿ ದ್ರವ ಮಾಡುವ ಗಾಜಿನ ಕಂಡೆನ್ಸರ್. ಸೋಪಿನ ನೀರು ಹಚ್ಚಿದರೆ ಮೂರು ಕಡೆ ಗುಳ್ಳೆ. ರವಿವಾರ ಪೇಟೆಯ ಬೋಹರಿ ಆಳಿ ಅನ್ನೋ ಗಲ್ಲಿಗೆ ಹೋಗಿ ಹೊಸ ಫೆರೂಲ್ (ಕೊಳವೆಯ ಜೋಡಣೆ ಬಿಗಿ ಮಾಡುವ ಬಳೆ) ತಂದು ಹಾಕಿದೆ. ಇದರಲ್ಲಿ ಹೇಳುವಂಥದ್ದೇನೂ ಇಲ್ಲ.

ಪುಡಿಯ ಕಥೆ ಮಾತ್ರ ಸ್ವಲ್ಪ ಹೇಳಬೇಕು. ನಮ್ಮ ಬಾಟಲಿಯಲ್ಲಿದ್ದದ್ದು ಅಮೋನಿಯಂ ರೂಪದ ಝಡ್‌ಎಸ್‌ಎಂ-5. ಸಿಲಿಕಾನ್ ಇರಬೇಕಾದ ಜಾಗದಲ್ಲಿ ಅಲ್ಲಲ್ಲಿ ಅಲ್ಯುಮಿನಿಯಂ ಕೂತಿರುತ್ತದೆ. ಅಲ್ಲಿ ಉಳಿಯುವ ಋಣ ವಿದ್ಯುತ್ತನ್ನು ಅಮೋನಿಯಂ ಸರಿದೂಗಿಸಿರುತ್ತದೆ. 550 ಡಿಗ್ರಿಗೆ ಕಾಯಿಸಿದರೆ ಅಮೋನಿಯಾ ಹಾರಿ ಹೋಗಿ ಒಂದು ಪ್ರೋಟಾನ್ ಉಳಿಯುತ್ತದೆ. ಆ ಪ್ರೋಟಾನೇ ಕೆಲಸಗಾರ, ಉಳಿದದ್ದೆಲ್ಲ ಅದಕ್ಕೆ ಮನೆ. ಮಫಲ್ ಫರ್ನೇಸಿನಲ್ಲಿ ನಿಮಿಷಕ್ಕೆ 2 ಡಿಗ್ರಿಯಂತೆ ಏರಿಸಿದೆವು. ಮೇಲೆ ಹತ್ತೋಕೇ ನಾಲ್ಕು ಗಂಟೆ ದಾಟಿತು, ಮೇಲಿನ ಕಾವಿನಲ್ಲಿ ಇನ್ನೈದು ಗಂಟೆ. ಅವಸರ ಮಾಡಿದರೆ ಒಳಗಿನ ತೇವ ಉಗಿಯಾಗಿ ಅಲ್ಯುಮಿನಿಯಂ ಅನ್ನೇ ಚೌಕಟ್ಟಿನಿಂದ ಕಿತ್ತುಹಾಕುತ್ತದೆ. ಈ ಮಾತೂ ಮುಂದೆ ಬರುತ್ತದೆ.

ಹಾಗೇ ಪುಡಿಯನ್ನು ಕೊಳವೆಗೆ ತುಂಬಿದ್ದು ನಮ್ಮ ಮೊದಲ ಪೆದ್ದತನ. ನೈಟ್ರೋಜನ್ ಬಿಟ್ಟರೆ ಒತ್ತಡದ ಮುಳ್ಳು ಮೇಲೆ ಹೋಯಿತು, ಕೆಳಗಿನಿಂದ ಗಾಳಿಯೇ ಇಲ್ಲ. ಒದ್ದೆ ಹಿಟ್ಟಿನಲ್ಲಿ ಊದಿದ ಹಾಗೆ. ಹೊರಗೆ ತೆಗೆದು, ಇನ್‌ಫ್ರಾರೆಡ್ ಪರೀಕ್ಷೆಯ ಸ್ಯಾಂಪಲ್ ಒತ್ತುವ ಹೈಡ್ರಾಲಿಕ್ ಪ್ರೆಸ್ಸಿನಲ್ಲಿ 5 ಟನ್ ಹಾಕಿ ಬಿಲ್ಲೆ ಮಾಡಿದೆವು. ಬಿಲ್ಲೆಗಳನ್ನು ಒರಳಿನಲ್ಲಿ ಮೆಲ್ಲಗೆ ಒಡೆದು ಜರಡಿ ಹಿಡಿದೆವು. ಜರಡಿ ನಮ್ಮದಲ್ಲ, ಸಿವಿಲ್‌ನವರದ್ದು. ಮರಳು ಸೋಸುವ 850 ಮೈಕ್ರಾನ್ ಮತ್ತು 425 ಮೈಕ್ರಾನ್ ಜರಡಿಗಳು. ಎರಡರ ನಡುವೆ ನಿಂತ ಕಾಳು ಮಾತ್ರ ನಮಗೆ, ಕೆಳಗೆ ಬಿದ್ದ ಹಿಟ್ಟು ಮತ್ತೆ ಪ್ರೆಸ್ಸಿಗೆ. ಬಾಂಬೆ ರವೆಗೂ ಚಿರೋಟಿ ರವೆಗೂ ಇರುವ ವ್ಯತ್ಯಾಸ ಗೊತ್ತಿದ್ದವರಿಗೆ ಇದನ್ನು ಹೆಚ್ಚು ಹೇಳಬೇಕಿಲ್ಲ. 2 ಗ್ರಾಂ ಕಾಳಿಗೆ ಅಷ್ಟೇ ಗಾತ್ರದ ಕ್ವಾರ್ಟ್ಸ್ ಚೂರು ಬೆರೆಸಿ, ಮೇಲೆ ಕೆಳಗೆ ಕ್ವಾರ್ಟ್ಸ್ ಉಣ್ಣೆ ಇಟ್ಟು ತುಂಬಿದೆವು.

ಎಥನಾಲ್ ಗಂಟೆಗೆ 6 ಮಿ.ಲೀ., ತೂಕದಲ್ಲಿ ಸುಮಾರು 4.7 ಗ್ರಾಂ. ನೈಟ್ರೋಜನ್ ನಿಮಿಷಕ್ಕೆ 30 ಮಿ.ಲೀ. ಇಲ್ಲಿ ಎಥನಾಲಿಗೆ ಪರ್ಮಿಟ್ ಬೇಕು, ರಿಜಿಸ್ಟರ್ ಬೇಕು. 1949ರ ದಾರೂಬಂದಿ ಕಾಯ್ದೆ ಮಹಾರಾಷ್ಟ್ರದಲ್ಲಿ ಇನ್ನೂ ಜೀವಂತ. ಸಿರಿಂಜಿಗೆ ಎಳೆದದ್ದು ಎಷ್ಟು ಅಂತ ಬರೆದು ಸಹಿ ಹಾಕಬೇಕು. ಅದೂ ಒಂದು ರೀತಿ ಒಳ್ಳೇದೇ, ಲೆಕ್ಕ ತಪ್ಪಲ್ಲ.

ಲೆಕ್ಕ ಅಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. 46 ಗ್ರಾಂ ಎಥನಾಲ್ 28 ಗ್ರಾಂ ಎಥಿಲೀನೂ 18 ಗ್ರಾಂ ನೀರೂ ಆಗುತ್ತದೆ. ಅಂದರೆ ಎಷ್ಟೇ ಒಳ್ಳೆ ಕ್ಯಾಟಲಿಸ್ಟ್ ಇದ್ದರೂ 100 ಗ್ರಾಂ ಎಥನಾಲಿನಿಂದ 61 ಗ್ರಾಂಗಿಂತ ಹೆಚ್ಚು ಹೈಡ್ರೋಕಾರ್ಬನ್ ಸಿಗಲ್ಲ, ಉಳಿದ 39 ಗ್ರಾಂ ಬರೀ ನೀರು. ನಮ್ಮ 4.7 ಗ್ರಾಂ ಪೂರ್ತಿ ಎಥಿಲೀನ್ ಆದರೆ ನಿಮಿಷಕ್ಕೆ ಸುಮಾರು 42 ಮಿ.ಲೀ. ಅನಿಲ. ನೈಟ್ರೋಜನ್ 30 ಸೇರಿಸಿ 72. ಸೋಪಿನ ಗುಳ್ಳೆ ಏರುವ ಗಾಜಿನ ಮೀಟರು, ಒಂದು ಸ್ಟಾಪ್‌ವಾಚು ಇದ್ದರೆ ಸಾಕು, ಒಳಗೆ ಏನು ನಡೆದಿದೆ ಅಂತ ಅರ್ಧ ಗೊತ್ತಾಗುತ್ತದೆ. ಅನಿಲಗಳನ್ನು ಬೇರೆ ಮಾಡಿ ಅಳೆಯುವ ಲಕ್ಷಗಟ್ಟಲೆ ಬೆಲೆಯ ಜಿಸಿ ಮಷಿನ್‌ಗಿಂತ ಮೊದಲು ನಾನು ನಂಬೋದು ಗುಳ್ಳೆಯನ್ನೇ.

ಮೊದಲ ಓಟ ಒಂದು ಗುರುವಾರ. ಪುಣೆಯವರು ಇಲ್ಲೇ ನಗುತ್ತಾರೆ. ಗುರುವಾರ ನಲ್ಲಿ ನೀರು ಬಂದ್. ನಮ್ಮ ಕಂಡೆನ್ಸರ್ ನಲ್ಲಿ ನೀರಿನದ್ದು. ಹತ್ತೂವರೆಗೆ ನೀರು ನಿಂತಿತು, ಬಿಸಿ ಆವಿ ನೇರ ಹೊರಗೆ. ಓಟ ನಿಲ್ಲಿಸಿದೆವು. ಮಧ್ಯಾಹ್ನ ತಾಪ್ಕೀರ್ ಗಲ್ಲಿಯಿಂದ ಏರ್‌ಕೂಲರಿಗೆ ಹಾಕುವ ಪುಟ್ಟ ಪಂಪ್ ತಂದೆ. ಬಕೆಟ್ ನೀರು, ಅದರಲ್ಲಿ ಐಸು, ಪಂಪಿನಿಂದ ಕಂಡೆನ್ಸರಿಗೆ, ಅಲ್ಲಿಂದ ಮತ್ತೆ ಬಕೆಟ್ಟಿಗೆ. ಈಗ ನಲ್ಲಿಗಿಂತ ಚೆನ್ನಾಗಿ ತಂಪಾಗುತ್ತದೆ. ಇದನ್ನು ಹತ್ತು ವರ್ಷ ಮೊದಲೇ ಮಾಡಬಹುದಿತ್ತು, ಯಾರೂ ಮಾಡಿರಲಿಲ್ಲ, ನಾನೂ ಸೇರಿ.

ಶುಕ್ರವಾರ ಸರಿಯಾಗಿ ಓಡಿತು. ಫರ್ನೇಸಿನ ಕಾವು ಕಾಯುವ ಕಂಟ್ರೋಲರಿನಲ್ಲಿ 280, ಅಲುಗಾಡದೆ ನಿಂತಿದೆ. ಗುಳ್ಳೆ ಅಳೆದರೆ 51. ಇಪ್ಪತ್ತು ನಿಮಿಷ ಬಿಟ್ಟು ಮತ್ತೆ 51. ನಾಲ್ಕು ಗಂಟೆ ಆದ ಮೇಲೆ ಕೆಳಗಿನ ಪಾತ್ರೆ ನೋಡಿದರೆ ನೀರು ಹತ್ತಿರ ಹತ್ತಿರ 7 ಗ್ರಾಂ, ಇರಬೇಕಾದಷ್ಟು. ಆದರೆ ನೀರಿನ ಮೇಲೆ ತೆಳ್ಳಗೆ ಹಳದಿ ಎಣ್ಣೆಯ ಪದರ. ಪೆಟ್ರೋಲ್ ಬಂಕಿನ ವಾಸನೆ. ಅದರಲ್ಲಿ ಬೆಂಜೀನ್ ಇರುತ್ತದೆ, ಮೂಸಿ ನೋಡುವ ಚಪಲ ಬೇಡ. ಹೊಗೆ, ಆವಿ ಹೊರಗೆ ಎಳೆಯುವ ಫ್ಯೂಮ್ ಹುಡ್ ಹಾಕಿದ್ದರೂ ಬಂದದ್ದು ಅಷ್ಟು.

280ರಲ್ಲಿ ಎಣ್ಣೆ ಯಾಕೆ? ಎಥನಾಲ್ ಎಲ್ಲ ಖರ್ಚಾಗಿದೆ, ನೀರು ಸರಿಯಾಗಿದೆ, ಅನಿಲ ಮಾತ್ರ ಕಡಿಮೆ. ಅಂದರೆ ಎಥಿಲೀನ್ ಹುಟ್ಟಿದೆ, ಹುಟ್ಟಿದ್ದು ಅಲ್ಲೇ ಕೂಡಿ ಎಣ್ಣೆಯಾಗಿದೆ. ಕಾಳು ಹೊರತೆಗೆದರೆ ಕಪ್ಪು, ಒಗ್ಗರಣೆಯಲ್ಲಿ ಸೀದ ಉದ್ದಿನಬೇಳೆ.

"ಈ ಬಾಟಲಿ ಸರಿ ಇಲ್ಲ, ಬೇರೆ ತರಿಸಿ" ಅಂದರು ಗೈಡ್. ಹಿಂದಿನ ಎರಡು ಬ್ಯಾಚಿನವರೂ ಇದನ್ನೇ ಅಂದಿದ್ದರು. ಕ್ಯಾಟಲಿಸ್ಟ್ ಹದ ತಪ್ಪಿದೆ, ಎರಡು ಸಲ ಸುಟ್ಟು ಶುದ್ಧ ಮಾಡಿದರೆ ಸತ್ತೇ ಹೋಗುತ್ತದೆ ಅಂತ. ಮಾರಿದವರನ್ನು ನಾನೂ ಫೋನಿನಲ್ಲಿ ಬೈದಿದ್ದೆ. ಆ ಬಾಟಲಿಯ ಬೆಲೆ ನನ್ನ ಅರ್ಧ ತಿಂಗಳ ಸಂಬಳ, ಸುಮ್ನೆ ಬಿಸಾಡೋಕೆ ಮನಸ್ಸು ಬರಲಿಲ್ಲ.

ಕಾವು ಜಾಸ್ತಿ ಆಗಿರಬಹುದು ಅಂತ ಅನುಮಾನ ಬಂತು. ಕೊಳವೆಯೊಳಗೆ ಕಾಳಿನ ನಡುವಿಗೇ ಇಳಿಯುವ ಹಾಗೆ ಒಂದು ಸಣ್ಣ ಬೇರೆ ಥರ್ಮೋಕಪಲ್ (ಎರಡು ಲೋಹದ ಎಳೆ ಕೂಡಿಸಿದ, ಕಾವು ಅಳೆಯುವ ಕಡ್ಡಿ) ಬಿಟ್ಟು ಕೈ ಮೀಟರಿಗೆ ಜೋಡಿಸಿದೆ. ಎಥನಾಲ್ ಇಲ್ಲ, ಬರೀ ನೈಟ್ರೋಜನ್. ಕಂಟ್ರೋಲರ್ 280 ಅಂದರೆ ಕೈ ಮೀಟರ್ 338.

ಯಾವುದು ಸುಳ್ಳು? ಕುದಿಯುವ ನೀರು ಇದ್ದಾಗ ಜಗಳ ಯಾಕೆ ಅಂತ ಎರಡರ ಥರ್ಮೋಕಪಲ್ಲನ್ನೂ ಬಿಚ್ಚಿ ಕೆಟಲ್ಲಿಗೆ ಇಳಿಸಿದೆ. ಪುಣೆ ಸಮುದ್ರಮಟ್ಟದಿಂದ 560 ಮೀಟರ್ ಮೇಲಿದೆ, ಇಲ್ಲಿ ನೀರು ಸುಮಾರು 98ಕ್ಕೆ ಕುದಿಯುತ್ತದೆ. ಕೈ ಮೀಟರ್ 98. ಕಂಟ್ರೋಲರೂ 98. ಐಸಿನಲ್ಲಿ ಎರಡೂ ಸೊನ್ನೆ. ಇಬ್ಬರೂ ಹರಿಶ್ಚಂದ್ರರು! ವಾಪಸ್ ಫರ್ನೇಸಿಗೆ ಹಾಕಿದರೆ ಮತ್ತೆ 58 ಡಿಗ್ರಿ ವ್ಯತ್ಯಾಸ. ಎರಡು ದಿನ ಇದರಲ್ಲೇ ಹೋಯಿತು. ಕಂಟ್ರೋಲರ್ ಬದಲಿಸಿದೆ, ಬೇರೆ ಥರ್ಮೋಕಪಲ್ ಹಾಕಿದೆ, ಏನೂ ಬದಲಾಗಲಿಲ್ಲ.

ಕಂಡುಹಿಡಿದದ್ದು ಹುಡುಗಿ. ಮೇ ತಿಂಗಳ ಸೆಕೆ, ಫರ್ನೇಸ್ ಪಕ್ಕದಲ್ಲಿ ಕೂರೋಕೆ ಆಗದೆ ಟೇಬಲ್ ಫ್ಯಾನ್ ಹಾಕಿಕೊಂಡಳು. ಗಾಳಿ ಫರ್ನೇಸಿನ ತಲೆ ಕಡೆ ತಿರುಗಿತ್ತು.

"ಅಣ್ಣಾರ, ಫ್ಯಾನ್ ಹಾಕಿದರೆ ಕಾವು ಏರ್ತದೇನ್ರಿ?"

ನೋಡಿದರೆ ಕಂಟ್ರೋಲರಿನ ಅಂಕಿ 280ರಿಂದ 290 ದಾಟಿದೆ. ಕೈ ಮೀಟರ್ ಇದ್ದಲ್ಲೇ ಇದೆ. ಫ್ಯಾನ್ ನಿಲ್ಲಿಸಿದೆವು, ಅಂಕಿ ಇಳಿಯಿತು. ಒದ್ದೆ ಬಟ್ಟೆ ತಂದು, ಕಂಟ್ರೋಲರಿನ ಥರ್ಮೋಕಪಲ್ಲಿಗೆ ಕೇಬಲ್ ಕೂಡುವ ತಲೆಯ ಡಬ್ಬಿಗೆ ಸುತ್ತಿದೆ, ಅಂಕಿ ಮತ್ತೆ ಏರಿತು. ತಲೆ ತಂಪಾದರೆ ಲೆಕ್ಕ ಏರುತ್ತಿದೆ. ನನಗೆ ಹೊಟ್ಟೆಯಲ್ಲಿ ಕಸಿವಿಸಿ ಶುರುವಾಯಿತು.

ಡಬ್ಬಿಯ ಮುಚ್ಚಳ ತೆಗೆದೆ. ಥರ್ಮೋಕಪಲ್ ಕೆ ಜಾತಿಯದ್ದು. ಅದರಿಂದ ಕಂಟ್ರೋಲರಿಗೆ ಹೋಗುವ ಕೇಬಲಿನಲ್ಲಿ ಎರಡು ಎಳೆ, ಒಂದು ಹಳದಿ, ಒಂದು ಕೆಂಪು. ಕೆಂಪು ಪ್ಲಸ್ಸಿಗೆ, ಹಳದಿ ಮೈನಸ್ಸಿಗೆ. ಆ ಕಡೆ ಕಂಟ್ರೋಲರಿನಲ್ಲೂ ಹಾಗೇ. ನೋಡೋಕೆ ಅಚ್ಚುಕಟ್ಟು. ಆದರೆ ಹಳದಿ-ಕೆಂಪು ಅಮೆರಿಕದ ಬಣ್ಣಪದ್ಧತಿ, ಅದರಲ್ಲಿ ಕೆಂಪು ಅಂದರೆ ಮೈನಸ್! ಬ್ಯಾಟರಿ, ಡಿಸಿ ಸಪ್ಲೈ ಎಲ್ಲಾ ಕಡೆ ಕೆಂಪು ಪ್ಲಸ್ ಅಂತ ರೂಢಿಯಾದ ಕೈ ಇಲ್ಲಿ ಮೋಸ ಹೋಗುತ್ತದೆ.

ಒಂದೇ ತುದಿ ಉಲ್ಟಾ ಆಗಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಕಾಯಿಸಿದ ಹಾಗೆ ಅಂಕಿ ಕೆಳಗೆ ಓಡುತ್ತದೆ. ಎರಡೂ ತುದಿ ಉಲ್ಟಾ ಆದರೆ ತಪ್ಪು ತಪ್ಪನ್ನು ಮುಚ್ಚುತ್ತದೆ, ಆದರೆ ಪೂರ್ತಿ ಅಲ್ಲ. ಈ ಕೇಬಲಿನ ಕೆಲಸವೇ ತಲೆಯ ಡಬ್ಬಿಗೂ ಕಂಟ್ರೋಲರಿಗೂ ನಡುವಿನ ಕಾವಿನ ವ್ಯತ್ಯಾಸವನ್ನು ಲೆಕ್ಕಕ್ಕೆ ಸೇರಿಸುವುದು. ತಿರುಗಿಸಿ ಹಾಕಿದರೆ ಅದು ಸೇರಿಸುವ ಬದಲು ಕಳೆಯುತ್ತದೆ. ಸೇರಬೇಕಾದ್ದು ಸೇರಲಿಲ್ಲ, ಮೇಲೆ ಅಷ್ಟೇ ಕಳೆಯಿತು, ಅಂದರೆ ಎರಡರಷ್ಟು ತಪ್ಪು. ಡಬ್ಬಿ ಮುಟ್ಟಿ ಅಳೆದೆ, 60 ಡಿಗ್ರಿ. ಕಂಟ್ರೋಲರ್ ಇರುವ ಮೇಜು 31. ವ್ಯತ್ಯಾಸ 29, ಎರಡರಷ್ಟು 58. ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ಕೆಟಲ್ಲಿನಲ್ಲಿ ಸಿಕ್ಕಿಬೀಳದೆ ಇದ್ದದ್ದೂ ಇದಕ್ಕೇ. ಅಲ್ಲಿ ತಲೆ ಮೇಜಿನ ಮೇಲೆ ತಣ್ಣಗಿತ್ತು. ವ್ಯತ್ಯಾಸ ಸೊನ್ನೆ, ತಪ್ಪೂ ಸೊನ್ನೆ. ಬಿಸಿ ತಾಗಿದರೆ ಮಾತ್ರ ಸುಳ್ಳು ಹೇಳುವ ಯಂತ್ರ.

ಬಣ್ಣ ನಂಬಬೇಡಿ, ಅಯಸ್ಕಾಂತ ಹಿಡಿಯಿರಿ. ಕೆ ಜಾತಿಯಲ್ಲಿ ಮೈನಸ್ ಎಳೆ ಅಲ್ಯುಮೆಲ್, ಅದು ಅಯಸ್ಕಾಂತಕ್ಕೆ ಅಂಟುತ್ತದೆ. ಪ್ಲಸ್ ಎಳೆ ಕ್ರೋಮೆಲ್, ಅಂಟಲ್ಲ. ನಮ್ಮ ಕೇಬಲೂ ಅದೇ ಲೋಹದ್ದು. ಫ್ರಿಜ್ ಮೇಲಿನ ಗಣಪತಿಯ ಅಯಸ್ಕಾಂತ ತಂದು ತೋರಿಸಿದರೆ ಕೆಂಪು ಎಳೆ ಟಕ್ ಅಂತ ಅಂಟಿತು.

ಆ ಕೇಬಲ್ ಹಾಕಿದವರು ಯಾರು? ಡಬ್ಬಿಯೊಳಗೆ ಅಂಟಿಸಿದ್ದ ಚೀಟಿಯಲ್ಲಿ ಎರಡು ವರ್ಷ ಹಿಂದಿನ ತಾರೀಖು, ಕೆಳಗೆ ನನ್ನದೇ ಅಕ್ಷರ. ಹುಡುಗಿ ಓದಿ ಏನೂ ಅನ್ನಲಿಲ್ಲ. ಚಹಾ ತರುತ್ತೇನೆ ಅಂತ ಹೊರಗೆ ಹೋದಳು.

ಎಳೆ ಅದಲು ಬದಲು ಮಾಡೋಕೆ ಹಿಡಿದದ್ದು ಐದು ನಿಮಿಷ. ಹೊಸದಾಗಿ 2 ಗ್ರಾಂ ಕಾಳು ತುಂಬಿ 280ಕ್ಕೆ ನಿಲ್ಲಿಸಿದೆವು. ಕೈ ಮೀಟರೂ 279. ಎಥನಾಲ್ ಬಿಟ್ಟ ಕೂಡಲೇ ಕಾಳಿನ ಮೇಲ್ಭಾಗ 9 ಡಿಗ್ರಿ ಇಳಿಯಿತು. ಇಳಿಯಲೇಬೇಕು, ನೀರು ಕಳಚುವ ಕೆಲಸ ಶಾಖ ಎಳೆದುಕೊಳ್ಳುತ್ತದೆ. ಗುಳ್ಳೆ ಅಳೆದೆವು. 69. ಪಾತ್ರೆಯಲ್ಲಿ ತಿಳಿ ನೀರು, ಎಣ್ಣೆಯ ಸುಳಿವಿಲ್ಲ. ಒಮ್ಮೆ 230ಕ್ಕೆ ಇಳಿಸಿಯೂ ನೋಡಿದೆವು. ಅನಿಲ ಕುಸಿಯಿತು, ಈಥರಿನ ವಾಸನೆ ಬಂತು. ಅಲ್ಲಿ ಎರಡೆರಡು ಎಥನಾಲ್ ಕೈ ಹಿಡಿದುಕೊಂಡು ಒಂದು ನೀರನ್ನಷ್ಟೇ ಬಿಡುತ್ತವೆ. ಈಥರ್ ಕಿಡಿ ಕಂಡರೆ ಹತ್ತಿಕೊಳ್ಳುವ ವಸ್ತು, ಬೇಗ ಮೇಲೆ ಏರಿಸಿಬಿಟ್ಟೆವು. ಆಮೇಲೆ ನಿಜವಾದ 360. ಗುಳ್ಳೆ 47, ಹಳದಿ ಎಣ್ಣೆ ಹಾಜರ್. ಈ ಸಲ ಕರೆದ ಮೇಲೆ ಬಂದದ್ದು.

ಕಪ್ಪಾದ ಕಾಳನ್ನು ಸುಟ್ಟು ಬಿಳಿ ಮಾಡುವ ಕೆಲಸ ಬಾಕಿ ಇತ್ತು. ನೈಟ್ರೋಜನ್ನಿಗೆ ಮೆಲ್ಲಗೆ ಗಾಳಿ ಬೆರೆಸುತ್ತಾ 530 ತನಕ ಒಯ್ದೆವು. ಆಗ ತಲೆಗೆ ಹೊಳೆಯಿತು. ಹಿಂದಿನ ಹುಡುಗರು ಇದೇ ಕೆಲಸವನ್ನು ಇದೇ ಫರ್ನೇಸಿನಲ್ಲಿ "550" ಇಟ್ಟು ಮಾಡಿದ್ದರು. ಅಷ್ಟು ಕಾವಿನಲ್ಲಿ ತಲೆಯ ಡಬ್ಬಿ ಎಷ್ಟಿರುತ್ತದೆ ಅಂತ ಅಳೆದೆ, 80 ದಾಟಿದೆ. ಅಂದರೆ ಅವರ 550 ನಿಜಕ್ಕೂ 650ರ ಹತ್ತಿರ. ಮಸಿ ಉರಿಯುವಾಗ ಹುಟ್ಟುವ ಉಗಿ, ಮೇಲೆ ಆ ಕಾವು. ಅಲ್ಯುಮಿನಿಯಂ ಚೌಕಟ್ಟು ಬಿಟ್ಟು ಹೊರಬಿದ್ದಿರುತ್ತದೆ, ಅದರ ಜೊತೆ ಪ್ರೋಟಾನೂ. ಕ್ಯಾಟಲಿಸ್ಟ್ ತಾನಾಗಿ ಸಾಯಲಿಲ್ಲ, ನನ್ನ ವೈರು ಕೊಂದದ್ದು. ನಮ್ಮ ಕಾಳು ಈಗ ಮೂರು ಸಲ ಸುಟ್ಟ ಮೇಲೂ 68, 69 ಕೊಡುತ್ತಿದೆ. ಮಾರಿದವರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಅವರಿಗೆ ಏನಂತ ಅರ್ಥವಾಯಿತೋ, ಹೊಸ ಆರ್ಡರ್ ಇದೆಯಾ ಅಂತ ಕೇಳಿದರು.

ಉಳಿದದ್ದು ಗ್ರಂಥಾಲಯದಲ್ಲಿ ಬೈಂಡ್ ಆಗಿ ಕೂತಿರುವ ಎರಡು ಪ್ರಾಜೆಕ್ಟ್ ವರದಿಗಳು. ವಿಭಾಗದ ಮುಖ್ಯಸ್ಥರಿಗೆ ಎಲ್ಲ ಹೇಳಿದೆ, ಅವರು ಒಂದು ನಿಮಿಷ ಸುಮ್ಮನಿದ್ದು, ಚೀಟಿ ಅಂಟಿಸಿ ಅಂದರು. "ಇದರಲ್ಲಿನ ರಿಯಾಕ್ಟರ್ ಉಷ್ಣತೆಗಳು ನಿಜಕ್ಕಿಂತ ಕಡಿಮೆ. 280 ಎಂದಿರುವಲ್ಲಿ ಸುಮಾರು 340 ಎಂದು ಓದಿಕೊಳ್ಳಿ" ಅಂತ ಬರೆದು, ಕೆಳಗೆ ಸಹಿ ಮಾಡಿ, ಎರಡಕ್ಕೂ ಅಂಟಿಸಿದೆ. ಬರೆದವರಲ್ಲಿ ಒಬ್ಬ ಈಗ ಭೋಸರಿಯಲ್ಲಿ ಕೆಲಸದಲ್ಲಿದ್ದಾನೆ. ಅವನಿಗೆ ನಾನೇ ಹೇಳಬೇಕು ಅನ್ನಿಸಿ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡು ಮರಾಠಿಯಲ್ಲಿ ಗಟ್ಟಿಯಾಗಿ ನಕ್ಕ. 280ರಲ್ಲಿ ಎಣ್ಣೆ ಯಾಕೆ ಬರುತ್ತದೆ ಅಂತ ಅವನು ಆ ವರದಿಯಲ್ಲಿ ಹನ್ನೊಂದು ಪುಟ ಕಾರಣ ಬರೆದಿದ್ದನಂತೆ. ಪರೀಕ್ಷೆಗೆ ಬಂದವರು ಅದನ್ನೇ ಮೆಚ್ಚಿ ಮಾರ್ಕ್ಸ್ ಕೊಟ್ಟಿದ್ದರಂತೆ.